ವಾಸನೆ ಇದೆ ಎಂದವರು

ಅವರು ನಮ್ಮ ಹಟ್ಟಿಗೆ ಬಂದ ಮೊದಲ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕರೆದುಕೊಂಡು ಬಂದವಳೂ ನಾನೇ, ಈಯಮ್ಮನನ್ನು ಈಗಲೇ ಬಾಗಿಲಾಚೆ ಕಳಿಸಿಬಿಡಬೇಕು ಅಂದುಕೊಂಡವಳೂ ನಾನೇ. ಮದ್ದೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಮೂಗಿನ ತುದಿಯ ಕೋಪ ಇಡೀ ಶಾಲೆಗೆ ಗೊತ್ತು. ಆದರೆ ಆ ದಿನದ ಕೋಪ ಇಳಿದು ಬೆರಗಾಯಿತು, ಆ ಬೆರಗು ಇವತ್ತಿಗೂ ಇಳಿದಿಲ್ಲ. ಹೋದ ವಾರ ಮಂಡ್ಯದಲ್ಲಿ ಅವರು ತೀರಿಕೊಂಡರೆಂದು ಫೋನು ಬಂದಾಗ ತರಗತಿಯಲ್ಲಿದ್ದೆ. ಬೋರ್ಡಿನ ಮೇಲಿನ ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಸ್ಟಾಫ್ ರೂಮಿಗೆ ಹೋಗಿ ಅತ್ತುಬಿಟ್ಟೆ.

ಅವರು ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಮುಂಚೆ ರೋಗಿಗೆ ಪ್ರಜ್ಞೆ ತಪ್ಪಿಸುವುದು, ಆಮೇಲೆ ಎಬ್ಬಿಸುವುದು, ಇದೇ ಕೆಲಸ ಮಾಡಿಕೊಂಡು ಮಂಡ್ಯದ ಆಸ್ಪತ್ರೆಯೊಂದರಲ್ಲಿ ನಿವೃತ್ತರಾದರು. ಬೇರೆಯವರಾಗಿದ್ದರೆ ಆಮೇಲೆ ಯಾತ್ರೆಗೆ ಹೋಗುತ್ತಿದ್ದರು. ಇವರು ಒಂದು ಹಳೇ ಕಾರು ಇಟ್ಟುಕೊಂಡು, ಇನ್ನು ವಾಸಿಯಾಗುವುದಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿಬಿಟ್ಟ ರೋಗಿಗಳನ್ನು ಹುಡುಕಿಕೊಂಡು ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತತೊಡಗಿದರು. ಅದಕ್ಕೆ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. ನಮ್ಮ ಕಡೆ ಆ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಜನ ‘ನೋವಿನ ಡಾಕ್ಟ್ರಮ್ಮ’ ಎಂದು ಕರೆದರು, ಅದೇ ನಿಂತಿತು.

ಎತ್ತರದ ಆಳು. ಹತ್ತಿ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು ತೊಟ್ಟು ಕಾರು ಓಡಿಸುತ್ತಿದ್ದರು, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕಳೆ ಕೀಳುವ ಹೆಂಗಸರು ಬಿಸಿಲಿಗೆ ತೊಡುತ್ತಾರಲ್ಲ, ಹಾಗೆ. ಚಿಕ್ಕರಸಿನಕೆರೆಯ ಮೇಷ್ಟರೊಬ್ಬರ ಮಗಳಂತೆ. ಪೇಟೆಯಲ್ಲಿ ಪೇಟೆಯ ಮಾತು, ಹಳ್ಳಿಗೆ ಬಂದರೆ ನಮ್ಮದೇ ಮಾತು, ಅದೂ ನಮಗಿಂತ ಒರಟಾಗಿ. ಪಕ್ಕದ ಬೀದಿಗೆ ಕೇಳಿಸುವಂಥ ನಗು. ರೋಗಿಯ ಮನೆಯಲ್ಲಿ ನಗಬಾರದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬರುವಾಗ ಹಣ್ಣು, ಬ್ರೆಡ್ಡು ತರುತ್ತಿರಲಿಲ್ಲ. ಊರ ಸುದ್ದಿ ತರುತ್ತಿದ್ದರು. ಯಾರ ಮನೆ ಪಾಲಾಯಿತು, ಯಾರ ಮಗಳು ಯಾರ ಜೊತೆ ಓಡಿಹೋದಳು, ಡೈರಿ ಚುನಾವಣೆಯಲ್ಲಿ ಯಾರು ಯಾರ ಕಾಲೆಳೆದರು. ‘ಕಾಯಿಲೆ ಬಂದೇಟ್ಗೆ ಜನ ಅವರತ್ರ ಬರೀ ದೇವ್ರು ದಿಂಡ್ರು ಅಂತ ಮಾತಾಡ್ತಾರೆ. ಒಂದು ಒಳ್ಳೆ ಜಗಳದ ಸುದ್ದಿ ಕೇಳಿ ಎಷ್ಟು ದಿನ ಆಗಿರ್ತದೋ ಪಾಪ!’ ಎನ್ನುತ್ತಿದ್ದರು. ಮಳವಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ನಿವೃತ್ತ ಗುಮಾಸ್ತರ ಕೋಣೆಯಲ್ಲಿ ಮನೆಯವರು ಇಡೀ ದಿನ ಭಕ್ತಿಗೀತೆ ಹಾಕಿಡುತ್ತಿದ್ದರಂತೆ. ಇವರು ಹೋದವರೇ ಅದನ್ನು ನಿಲ್ಲಿಸಿ, ‘ರಾಯರೇ, ಇದು ಬೇಕಾ ನಿಮಗೆ?’ ಎಂದು ಕೇಳಿದ್ದಾರೆ. ಆ ಮನುಷ್ಯ ಕಷ್ಟಪಟ್ಟು ಬಾಯಿ ತೆರೆದು, ‘ಕ್ರಿಕೆಟ್ಟು ಹಾಕ್ಸಮ್ಮ’ ಅಂದರಂತೆ. ಅಷ್ಟು ದಿನ ಅವರನ್ನು ಯಾರೂ ಆ ಒಂದು ಮಾತು ಕೇಳಿರಲಿಲ್ಲ ನೋಡಿ.

ಇನ್ನೊಂದು ವಿಷಯ. ಮಲಬದ್ಧತೆಯ ಬಗ್ಗೆ ಅವರಿಗಿದ್ದ ಆಸಕ್ತಿ ಬೇರೆ ಯಾವ ವಿದ್ಯಾವಂತರಿಗೂ ಇದ್ದದ್ದನ್ನು ನಾನು ಕಂಡಿಲ್ಲ. ‘ಹೊರಕಡೆಗೆ ಆಯ್ತಾ?’ ಎಂದು ಹೊಸಿಲು ದಾಟುವ ಮೊದಲೇ ಕೇಳುತ್ತಿದ್ದರು. ನೋವಿನ ಮಾತ್ರೆ ಹೊಟ್ಟೆ ಕಟ್ಟುತ್ತದೆ, ಹೊಟ್ಟೆ ಕಟ್ಟಿದರೆ ರೋಗಿ ಮಾತ್ರೆಯನ್ನೇ ಬಿಡುತ್ತಾನೆ, ಬಿಟ್ಟರೆ ಮತ್ತೆ ನೋವು. ‘ಆಯ್ತು’ ಎಂದರೆ ಅವರ ಮುಖದಲ್ಲಿ ಎಂಥ ಕಳೆ ಅಂತೀರಿ!

ಇನ್ನು ನಮ್ಮ ಅವ್ವನ ಕಥೆಗೆ ಬರುತ್ತೇನೆ. ಬೆಸಗರಹಳ್ಳಿಯಿಂದ ಸ್ವಲ್ಪ ಒಳಗೆ ನಮ್ಮೂರು. ಅಪ್ಪ ಹೋಗಿ ಬಹಳ ಕಾಲವಾಯಿತು. ತಮ್ಮ ಶಿವಣ್ಣ, ಅವನ ಹೆಂಡತಿ ಭಾಗ್ಯ, ಅವ್ವ, ಮೂವರೂ ರೇಷ್ಮೆ ಹುಳ ಮೇಯಿಸುತ್ತಿದ್ದರು. ಅಸಲಿಗೆ ಮೇಯಿಸುತ್ತಿದ್ದವಳು ಅವ್ವ, ಮಿಕ್ಕವರು ಅವಳ ಆಳುಗಳು. ಹಟ್ಟಿಯ ಹಿಂಬದಿಗೆ ಉದ್ದನೆಯ ಹುಳದ ಮನೆ. ಕಿಟಕಿಗೆಲ್ಲ ಬಲೆ, ಬಾಗಿಲಲ್ಲಿ ಕಾಲು ಅದ್ದಿ ಹೋಗಲು ಬ್ಲೀಚಿಂಗ್ ಪುಡಿ ಹಾಕಿದ ಗೋಣಿತಾಟು. ಹುಳ ಸೊಪ್ಪು ತಿನ್ನುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ಪೌಡರ್ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ. ಹುಳಕ್ಕೆ ವಾಸನೆ ಆಗದು ಎಂದು ಅವ್ವನ ನಂಬಿಕೆ. ಹಾವಿಗೆ ಹೆದರದವಳು ವಾಸನೆಗೆ ಹೆದರುತ್ತಿದ್ದಳು.

ಅಂಥವಳ ಎದೆಯಲ್ಲಿ ಗಂಟಾಯಿತು. ಸೆರಗಿನಡಿಯಲ್ಲಿ ಮುಚ್ಚಿಟ್ಟುಕೊಂಡೇ ಓಡಾಡಿದಳು. ಗಂಟು ಒಡೆದು ಹುಣ್ಣಾಗಿ, ಬಟ್ಟೆ ಒದ್ದೆಯಾಗಿ ಭಾಗ್ಯನ ಕಣ್ಣಿಗೆ ಬೀಳುವ ಹೊತ್ತಿಗೆ ಕ್ಯಾನ್ಸರು ಬೆನ್ನುಮೂಳೆಗೆ ಇಳಿದಾಗಿತ್ತು. ಆಸ್ಪತ್ರೆಯಲ್ಲಿ, ‘ಇನ್ನು ಏನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ’ ಅಂದರು. ಕರೆದುಕೊಂಡು ಬಂದೆವು. ಮಾರನೆಯ ದಿನವೇ ಅವ್ವ ತನ್ನ ಚಾಪೆ ಸುತ್ತಿಕೊಂಡು ಹೊಲದಂಚಿನ ಕೊಟ್ಟಿಗೆಗೆ ಹೋಗಿ ಮಲಗಿಬಿಟ್ಟಳು.

‘ನನ್ ವಾಸ್ನೆ ಉಳಕ್ಕೆ ಬಡೀತದೆ ಕಣ್ಲಾ. ಎಲ್ಲಾ ಕೆಟ್ಟೋಯ್ತವೆ. ನಾನಿಲ್ಲೇ ಇರ್ತೀನಿ’ ಅಂದಳು ಶಿವಣ್ಣನಿಗೆ. ಅವನು ಕೈ ಮುಗಿದ, ಬೈದ, ಚಾಪೆ ಕಿತ್ತುಕೊಂಡ. ಅವ್ವ ಜಪ್ಪಯ್ಯ ಅನ್ನಲಿಲ್ಲ. ಆಸ್ಪತ್ರೆಯವರು ಕೊಟ್ಟಿದ್ದ ಮುಲಾಮನ್ನೂ ಅದರ ವಾಸನೆಗೆ ಹೆದರಿ ಎಸೆದಿದ್ದಳು. ಊಟ ತಂದವರು ಬಾಗಿಲಲ್ಲಿ ತಟ್ಟೆ ಇಟ್ಟು ಹೋಗಬೇಕು. ನಾನು ಶನಿವಾರ ಶಾಲೆ ಮುಗಿಸಿ ಬಸ್ಸಿಳಿದು ಓಡಿಬಂದರೆ, ಒಳಗಿನಿಂದಲೇ ಕೈ ಅಡ್ಡ ಹಿಡಿದು, ‘ಅಲ್ಲೇ ನಿಂತ್ಕೊ. ಅತ್ರ ಬರ್ಬ್ಯಾಡ, ವಾಸ್ನೆ’ ಅನ್ನುತ್ತಿದ್ದಳು.

‘ಏನ್ ವಾಸ್ನೆ? ಏನೂ ಇಲ್ಲ ಬುಡವ್ವ’ ಎಂದು ನಾವೆಲ್ಲ ಒಂದೇ ಬಾಯಲ್ಲಿ ಅನ್ನುತ್ತಿದ್ದೆವು, ಉಸಿರು ಬಿಗಿಹಿಡಿದುಕೊಂಡು. ಅವ್ವ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಮೈಮುಟ್ಟಲು ಬಿಡದ ತಾಯಿಯ ಮುಂದೆ ನಿಂತುಕೊಳ್ಳುವ ಸಂಕಟ ಶತ್ರುವಿಗೂ ಬೇಡ.

ಆಗ ನನ್ನ ಸಹೋದ್ಯೋಗಿಯೊಬ್ಬರು ಈ ನೋವಿನ ಡಾಕ್ಟ್ರಮ್ಮನ ಬಗ್ಗೆ ಹೇಳಿದ್ದು. ಒಂದೇ ಫೋನಿಗೆ ಬಂದರು. ಅಂಗಳದಲ್ಲಿ ಚಿಕ್ಕಪ್ಪ, ನಾನು, ಶಿವಣ್ಣ ಅವರನ್ನು ಅಡ್ಡಗಟ್ಟಿದೆವು.

‘ಅವ್ವನಿಗೆ ಏನೂ ಗೊತ್ತಿಲ್ಲ ಡಾಕ್ಟ್ರೇ. ದಯವಿಟ್ಟು ಏನೂ ಹೇಳಬೇಡಿ’ ಅಂದೆ.

‘ಗೊತ್ತಿಲ್ಲದೆ ಕೊಟ್ಟಿಗೆ ಸೇರ್ಕೊಂಡಿದ್ದಾರಾ? ಅವರು ಕೇಳದೆ ನಾನಾಗಿ ಹೇಳಲ್ಲ. ಕೇಳಿದರೆ ಸುಳ್ಳಾಡಲ್ಲ. ಇದು ಒಪ್ಪಿಗೆ ಇದ್ದರೆ ಒಳಗೆ ಹೋಗ್ತೀನಿ’ ಅಂದರು.

‘ಆಸ್ಪತ್ರೇಲೇ ಏನೂ ಮಾಡಕ್ಕಾಗಕ್ಕಿಲ್ಲ ಅಂದವ್ರೆ. ಇನ್ನು ನೀವೇನ್ ಮಾಡೀರಿ?’ ಎಂದರು ಚಿಕ್ಕಪ್ಪ.

ಡಾಕ್ಟ್ರಮ್ಮನ ಕಣ್ಣು ಕೆಂಪಾದದ್ದು ನಾನು ನೋಡಿದ್ದು ಅದೊಂದೇ ಸಲ. ‘ನೋಡಿ ಯಜಮಾನ್ರೇ, ಆ ಮಾತು ನನ್ನ ಎದುರು ಆಡಬೇಡಿ. ಕಾಯಿಲೆ ವಾಸಿ ಮಾಡೋಕಾಗಲ್ಲ, ನಿಜ. ನೋವು ತಗ್ಗಿಸಬಹುದು, ನಿದ್ದೆ ಬರಿಸಬಹುದು, ಉಣ್ಣೋ ಹಾಗೆ, ಕೂತು ಮಾತಾಡೋ ಹಾಗೆ ಮಾಡಬಹುದು. ಇಷ್ಟೊಂದು ಕೆಲಸ ಬಿದ್ದಿದೆ, ಏನೂ ಮಾಡೋಕಾಗಲ್ಲ ಅಂತೀರಲ್ಲ!’

ತಲೆ ಬಗ್ಗಿಸಿ ಕೊಟ್ಟಿಗೆಗೆ ನುಗ್ಗಿದರು. ಅವ್ವ ಎಂದಿನಂತೆ ಕೈ ಅಡ್ಡ ಹಿಡಿದಳು. ‘ಅಲ್ಲೇ ನಿಂತ್ಕೊಳಿ. ವಾಸ್ನೆ.’

ಇವರು ನಿಲ್ಲಲಿಲ್ಲ. ಮೂಗಿಗೆ ಸೆರಗಿಲ್ಲ, ಮುಖಕ್ಕೆ ಮಾಸ್ಕಿಲ್ಲ. ಅವ್ವನ ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತು, ನಿಧಾನವಾಗಿ ಉಸಿರೆಳೆದುಕೊಂಡು ಹೇಳಿದರು: ‘ಊಂ ಕಣವ್ವ, ವಾಸ್ನೆ ಅದೆ. ಜೋರಾಗೇ ಅದೆ.’

ಆಗ ಬಂತು ನೋಡಿ ನನಗೆ ಸಿಟ್ಟು. ಇಷ್ಟು ದಿನ ನಾವು ಕಾಪಾಡಿಕೊಂಡು ಬಂದಿದ್ದನ್ನು ಈಯಮ್ಮ ಒಂದೇ ಮಾತಿಗೆ ಚೂರು ಮಾಡಿದರಲ್ಲ ಎಂದು ಹಲ್ಲು ಕಚ್ಚಿದೆ. ಅಷ್ಟರಲ್ಲಿ ಅವ್ವ ತಲೆಯೆತ್ತಿದಳು. ಎಷ್ಟೋ ದಿನದ ಮೇಲೆ ಒಬ್ಬರ ಮುಖವನ್ನು ನೆಟ್ಟಗೆ ನೋಡಿದಳು.

‘ನೋಡಿದ್ರಾ ಮತ್ತೆ? ನಾ ಯೋಳ್ದಾಗೆಲ್ಲ ಇಲ್ಲ ಇಲ್ಲ ಅಂತಿದ್ರು ಇವ್ರು. ನಂಗೇನ್ ಮೂಗಿಲ್ವಾ?’ ಅಂದಳು.

‘ಇವರ ಮೂಗಿಗೆ ಔಸ್ದಿ ಆಮೇಲ್ ಕೊಡವ’ ಎಂದು ಡಾಕ್ಟ್ರಮ್ಮ ನಕ್ಕರು. ಅವ್ವನೂ ನಕ್ಕಳು. ಕೊಟ್ಟಿಗೆಯಲ್ಲಿ ನಗು! ನಾನು ಕಂಬ ಹಿಡಿದುಕೊಂಡು ನಿಂತೆ.

‘ಕೇಳಿಲ್ಲಿ. ಆ ವಾಸ್ನೆ ನಿಂದಲ್ಲ, ಹುಣ್ಣಲ್ಲಿ ಸೇರ್ಕೊಂಡಿರೋ ಕ್ರಿಮಿದು. ಹುಣ್ಣು ಮಾಯಕ್ಕಿಲ್ಲ ಕಣವ್ವ, ಅದ್ನೂ ಈಗ್ಲೇ ಯೋಳ್ಬುಡ್ತೀನಿ. ವಾಸ್ನೆ ಮಾತ್ರ ಓಯ್ತದೆ.’

ಅವ್ವನ ಎಲೆಅಡಿಕೆ ಕುಟ್ಟುವ ಕುಟ್ಟಾಣಿಯನ್ನು ಕೇಳಿ ಪಡೆದರು. ಕುದಿಯುವ ನೀರಲ್ಲಿ ತೊಳೆಸಿ, ಚೀಲದಿಂದ ಒಂದಷ್ಟು ಮಾತ್ರೆ ತೆಗೆದು ಅದರಲ್ಲಿ ಹಾಕಿ ನುಣ್ಣಗೆ ಕುಟ್ಟತೊಡಗಿದರು. ಹೊಟ್ಟೆ ಕೆಟ್ಟಾಗ ನುಂಗುತ್ತೇವಲ್ಲ, ಅದೇ ಮಾಮೂಲಿ ಮಾತ್ರೆ. ಅದರ ಪುಡಿಯನ್ನು ತೊಳೆದ ಹುಣ್ಣಿನ ಮೇಲೆ ಉದುರಿಸಿ, ಕುದಿಸಿ ಒಣಗಿಸಿದ ಹತ್ತಿಬಟ್ಟೆ ಕಟ್ಟುವುದು, ಅಷ್ಟೇ. ಅವ್ವ ಎದೆಯ ಮೇಲಿನ ಸೆರಗನ್ನು ಬಿಗಿಹಿಡಿದು ಕೇಳಿದಳು: ‘ಈ ಪುಡಿ ಉಳಕ್ಕೆ ಆಯ್ತದಾ? ಏನೂ ಆಗಾಕಿಲ್ವಾ?’

‘ಹುಳ ಹಾಳಾಗ್ಲಿ! ನಿಂದು ನೋಡ್ಕೊಳವ್ವ ಮೊದ್ಲು’ ಎಂದು ನಾನು ಕೂಗಿದೆ.

‘ಟೀಚರಮ್ಮ, ಅವರು ಕೇಳಿದ್ದು ನನ್ನ’ ಎಂದು ಡಾಕ್ಟ್ರಮ್ಮ ನನ್ನ ಕಡೆ ತಿರುಗದೆಯೇ ಹೇಳಿದರು. ಆಮೇಲೆ ಅವ್ವನಿಗೆ: ‘ನಂಗೊತ್ತಿಲ್ಲ ಕಣವ್ವ. ನಾನು ಹುಳದ ಡಾಕ್ಟ್ರಲ್ಲ. ಕೇಳ್ಕೊಂಡು ಬತ್ತೀನಿ. ಅಲ್ಲೀಗಂಟ ಇದನ್ನ ಹಾಕಕ್ಕಿಲ್ಲ.’

ಆ ದಿನ ಹುಣ್ಣು ತೊಳೆದು, ನೋವಿಗೆ ಮಾರ್ಫಿನ್ ಮಾತ್ರೆ ಕೊಟ್ಟು, ಅದರ ಜೊತೆಗೆ ಹೊಟ್ಟೆ ಸಡಿಲವಾಗುವ ಮಾತ್ರೆಯನ್ನೂ ಕೊಟ್ಟು ಹೋದರು. ಕುಟ್ಟಿದ ಪುಡಿ ಹಾಗೇ ಉಳಿಯಿತು. ಮಾರನೆಯ ದಿನ ಬಿಸಿಲೇರುವಷ್ಟರಲ್ಲಿ ಕಾರು ಮತ್ತೆ ಬಂತು. ರೇಷ್ಮೆ ಇಲಾಖೆಯ ಅಧಿಕಾರಿಯೊಬ್ಬರನ್ನು ಹುಡುಕಿಕೊಂಡು ಹೋಗಿ ಕೇಳಿದ್ದರು. ‘ಮೊದ್ಲು ನಕ್ಬುಟ್ರು ಕಣವ್ವ. ನಾನು ನಗದೆ ಇದ್ದುದು ನೋಡಿ ನೆಟ್ಟಗೆ ಯೋಳುದ್ರು. ಪುಡಿ ಮುಟ್ಟಿದ ಕೈಲಿ ಸೊಪ್ಪು ಮುಟ್ಟಬ್ಯಾಡಿ, ಸೋಪಾಕಿ ತೊಳೀರಿ, ಇನ್ನೇನೂ ಆಗಕ್ಕಿಲ್ಲ ಅಂದ್ರು.’ ಅವ್ವ ಆಗ ಪುಡಿ ಹಾಕಿಸಿಕೊಳ್ಳಲು ಸೆರಗು ಬಿಟ್ಟಳು.

ನಾನು ಓದಿದವಳು, ಹತ್ತಾರು ಡಾಕ್ಟರರನ್ನು ಕಂಡವಳು. ಸಾಯುತ್ತಿರುವ ಒಬ್ಬ ಹಳ್ಳಿ ಹೆಂಗಸಿನ ಹುಳದ ಚಿಂತೆಯನ್ನು ಹೊತ್ತುಕೊಂಡು ಕಚೇರಿ ಮೆಟ್ಟಿಲು ಹತ್ತಿ ಉತ್ತರ ತರುವ ಡಾಕ್ಟರು ಇರುತ್ತಾರೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಅವತ್ತಿನಿಂದ ಅವರ ಮುಂದೆ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು.

ನೋವು ತಗ್ಗಿದ್ದು ಬೇಗ. ‘ಅಮಲಿನ ಮಾತ್ರೆ ಕೊಟ್ಟು ಮಲಗಿಸ್ಬುಡ್ತಾರೆ’ ಎಂದು ಹೆದರಿಸಿದ್ದ ಚಿಕ್ಕಪ್ಪನಿಗೇ ಅವ್ವ ಎದ್ದು ಕೂತು, ‘ಏನಪ್ಪಾ, ಕಬ್ಬಿಗೆ ನೀರ್ ಕಟ್ಟಿದ್ಯಾ?’ ಎಂದು ವಿಚಾರಿಸಿದಳು. ಹುಣ್ಣಿಗೆ ಪುಡಿ ಹಾಕಿ ಬಟ್ಟೆ ಕಟ್ಟುವುದನ್ನು ಭಾಗ್ಯ ಕಲಿತಳು. ಡಾಕ್ಟ್ರಮ್ಮ ಬಂದಾಗಲೆಲ್ಲ ಅವ್ವ ಕೇಳುವ ಮಾತು ಒಂದೇ: ‘ವಾಸ್ನೆ ಓಯ್ತಾ?’ ನಾವಾಗಿದ್ದರೆ ಎರಡನೇ ದಿನವೇ ಹೋಯಿತು ಅನ್ನುತ್ತಿದ್ದೆವು. ಅವರು ಬಗ್ಗಿ, ಹುಣ್ಣಿನ ಹತ್ತಿರಕ್ಕೆ ಮುಖ ತಂದು, ಯೋಚಿಸಿ, ‘ಇನ್ನೂ ಒಂಚೂರು ಅದೆ’ ಅನ್ನುತ್ತಿದ್ದರು. ಅವ್ವ ತಲೆಯಾಡಿಸುತ್ತಿದ್ದಳು.

ಒಂದು ದಿನ ಹಾಗೆ ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ. ಆಮೇಲೆ ಅಂದರು: ‘ಇಲ್ಲ ಕಣವ್ವ. ಓಯ್ತು.’

‘ದಿಟ್ವಾ?’

‘ನಿಂಗೆ ನಾನ್ಯಾವತ್ತಾರ ಸುಳ್ಳಾಡಿದ್ದೀನಾ?’

ಅವ್ವ ಎದ್ದು ಕೂತಳು. ಬಿಸಿನೀರು ಕಾಯಿಸಲು ಹೇಳಿದಳು, ಮೈ ತೊಳೆಸಿಕೊಂಡಳು, ಮಡಿಸಿಟ್ಟಿದ್ದ ಹಸಿರು ಸೀರೆ ಉಟ್ಟಳು. ನನ್ನ ಮತ್ತು ಭಾಗ್ಯನ ಹೆಗಲ ಮೇಲೆ ಕೈಯಿಟ್ಟು, ಕೊಟ್ಟಿಗೆ ಬಿಟ್ಟು ಹುಳದ ಮನೆಯವರೆಗೆ ನಡೆದಳು. ಗೋಣಿತಾಟಿನ ಮೇಲೆ ಎರಡು ಪಾದವನ್ನೂ ಚೆನ್ನಾಗಿ ಉಜ್ಜಿದಳು. ಒಳಗೆ ಹುಳ ಸೊಪ್ಪು ತಿನ್ನುವ ಸದ್ದು, ಸಣ್ಣ ಮಳೆಯ ಹಾಗೆ. ಅವ್ವ ಒಂದು ತಟ್ಟೆ ಎಳೆಸಿಕೊಂಡು ನೋಡಿದಳು.

‘ಯಾರೇ ಒದ್ದೆ ಸೊಪ್ಪಾಕಿರೋರು? ಕಣ್ಣಿಲ್ವೇನೇ ನಿಂಗೆ?’ ಎಂದು ಭಾಗ್ಯನಿಗೆ ಬೈದಳು. ಬೈಸಿಕೊಂಡು ಅಷ್ಟು ಸುಖವಾಗಿ ಅತ್ತ ಸೊಸೆಯನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಮುಂದಿನ ಸಲ ಡಾಕ್ಟ್ರಮ್ಮ ಕೊಟ್ಟಿಗೆಗೆ ಬಂದಾಗ ಅವ್ವ ನಮ್ಮೆಲ್ಲರ ಎದುರಿಗೇ ಕೇಳಿಬಿಟ್ಟಳು. ‘ಈ ಬೆಳೆ ಗೂಡಾಗಾದ್ನ ನೋಡ್ತೀನಾ ನಾನು?’

ಶಿವಣ್ಣ ಹೊರಗೆ ಹೋಗಲು ನೋಡಿದ, ಭಾಗ್ಯ ತೋಳು ಹಿಡಿದು ನಿಲ್ಲಿಸಿದಳು. ಡಾಕ್ಟ್ರಮ್ಮ ಅವ್ವನ ಕೈಯನ್ನು ತಮ್ಮ ಎರಡೂ ಕೈಯೊಳಗೆ ಇಟ್ಟುಕೊಂಡರು. ‘ಈ ಬೆಳೆ ನೋಡ್ತೀಯ ಅನ್ಸತದೆ ಕಣವ್ವ. ಮುಂದಿಂದು ನೋಡಕ್ಕಿಲ್ಲ ಅನ್ಸತದೆ.’

‘ನೋವು?’

‘ಅದಕ್ಕೆ ನಾನಿದ್ದೀನಿ.’

ನಾವು ಹೆದರಿಕೊಂಡಿದ್ದ ಹಾಗೆ ಅವ್ವ ಗೋಳಾಡಲಿಲ್ಲ, ಕುಸಿಯಲಿಲ್ಲ. ವಾಸನೆ ಇದ್ದಾಗ ಇದೆ ಎಂದವರ ಮಾತಲ್ಲವೇ, ಅದರ ಮೇಲೆ ಕಾಲೂರಿ ನಿಂತಳು. ‘ಅಂಗಾರೆ ನಾ ಕೊಟ್ಗೇಲೇ ಇರ್ತೀನಿ. ಅಟ್ಟಿ ಒಳ್ಗೆ ಜೀವ ಓದ್ರೆ ಸೂತ್ಕ. ಸೂತ್ಕದ ಮನೇಲಿ ಉಳ ಉಳಿಯಾಕಿಲ್ಲ’ ಅಂದಳು.

ಡಾಕ್ಟ್ರಮ್ಮ ಅದು ಮೂಢನಂಬಿಕೆ ಅನ್ನಲಿಲ್ಲ. ‘ಅದು ನಿಮ್ಮನೆ ವಿಚಾರ. ನಾನು ಕೇಳಾದು ಒಂದೇ. ಎಲ್ಲಿ ಮನಿಕ್ಕಂಡ್ರೆ ನಿಂಗೆ ಇಷ್ಟ?’ ಎಂದರು.

ಅವ್ವನ ಕಣ್ಣು ಹುಳದ ಮನೆಯ ಗೋಡೆಯ ಕಡೆ ಹೋಯಿತು. ಅದನ್ನು ನೋಡಿದ ಶಿವಣ್ಣ, ಜೀವಮಾನದಲ್ಲಿ ಅವ್ವನಿಗೆ ಎದುರಾಡದವನು, ಕೂಗಿದ: ‘ಒಳ್ಗೇ ಮನಿಕ್ಕೊಳವ್ವ! ಉಳ ಓದ್ರೆ ಓಯ್ತವೆ, ಇನ್ನೊಂದ್ ಬೆಳೆ ಇಡ್ತೀನಿ. ನಿನ್ನ ಎಲ್ಲಿಂದ ತರ್ಲಿ?’ ಚಾಪೆಯನ್ನು ತಾನೇ ಹೊತ್ತುಕೊಂಡು ಹೋಗಿ, ಹುಳದ ಮನೆಗೆ ಒತ್ತಿಕೊಂಡ ನಡುಮನೆಯಲ್ಲಿ ಹಾಸಿದ.

ಅವ್ವ ಅಲ್ಲೇ ಉಳಿದಳು. ನೆರೆಹೊರೆಯ ಹೆಂಗಸರು ಬಂದು ಸುತ್ತ ಕೂತರು, ಎಲೆಅಡಿಕೆ ಹಾಕಿಕೊಂಡರು, ಡಾಕ್ಟ್ರಮ್ಮನ ಸುದ್ದಿಗಳಿಗೆ ಪೈಪೋಟಿ ಕೊಟ್ಟರು. ಸೊಪ್ಪು ತಿಂದು ಹಣ್ಣಾದ ಹುಳಗಳನ್ನು ಬಿದಿರಿನ ಚಂದ್ರಿಕೆಯ ತಟ್ಟಿಗಳಿಗೆ ಬಿಡುವುದನ್ನೂ, ಅವು ಬಿಳೀ ಗೂಡು ಕಟ್ಟುವುದನ್ನೂ ಅವ್ವ ನೋಡಿದಳು. ಗೂಡು ಬಿಡಿಸುವ ದಿನ, ಬೆಳಗಿನ ಹೊತ್ತು, ನೋವಿಲ್ಲದೆ ಹೋದಳು. ಶಿವಣ್ಣ ಗೂಡನ್ನು ತಡವಾಗಿ ಬಿಡಿಸಿದ. ಒಂದೂ ಕೆಟ್ಟಿರಲಿಲ್ಲ.

ಆದರೆ ಅದಕ್ಕೂ ಮೊದಲು, ಹುಳ ಇನ್ನೂ ಸೊಪ್ಪು ತಿನ್ನುತ್ತಿದ್ದ ದಿನಗಳ ಒಂದು ಮಧ್ಯಾಹ್ನದ ವಿಷಯ ಹೇಳಬೇಕು. ಶಿವಣ್ಣ ಸೊಪ್ಪು ತರಲು ಹೋಗಿದ್ದ, ಭಾಗ್ಯ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಅವ್ವನ ಹತ್ತಿರ ಕೂತು ಬೀಸಣಿಗೆ ಬೀಸುತ್ತಿದ್ದೆ. ಅವ್ವ ನನ್ನ ಕೈಯಿಂದ ಬೀಸಣಿಗೆ ತೆಗೆದಿಟ್ಟಳು. ಹುಣ್ಣಿಲ್ಲದ ಮಗ್ಗುಲಿನ ಸೆರಗನ್ನು ಸರಿಪಡಿಸಿಕೊಂಡು, ‘ಬಾ, ಇಲ್ಲಿ ಮನಿಕ್ಕೊ’ ಅಂದಳು. ಮೊಮ್ಮಕ್ಕಳನ್ನು ಕಾಣುವ ವಯಸ್ಸಿಗೆ ಬಂದ ನಾನು ಅವಳ ಎದೆಯ ಮೇಲೆ ತಲೆಯಿಟ್ಟೆ. ಅವ್ವ ನನ್ನ ಕೂದಲಲ್ಲಿ ಬೆರಳಾಡಿಸುತ್ತ ಏನೋ ಹೇಳುತ್ತಿದ್ದಳು. ವಾಸನೆಯ ಮಾತು ಅದರಲ್ಲಿರಲಿಲ್ಲ.

ಆಗ ಡಾಕ್ಟ್ರಮ್ಮ ಬಂದಿದ್ದರಂತೆ. ಇದನ್ನು ಭಾಗ್ಯ ನನಗೆ ಹೇಳಿದ್ದು ಅವ್ವನ ತಿಥಿಯೆಲ್ಲ ಮುಗಿದ ಮೇಲೆ. ಮಳವಳ್ಳಿಯಿಂದ ಆ ಬಿಸಿಲಲ್ಲಿ ಕಾರು ಓಡಿಸಿಕೊಂಡು ಬಂದು, ಚಪ್ಪಲಿ ಬಿಟ್ಟು, ಚೀಲ ಹಿಡಿದು ನಡುಮನೆಯ ಬಾಗಿಲಿಗೆ ಬಂದವರು ನಮ್ಮಿಬ್ಬರನ್ನು ಕಂಡು ಹಾಗೇ ನಿಂತರಂತೆ. ಕಣ್ಣಲ್ಲಿ ನೀರಿತ್ತಂತೆ. ಸದ್ದಾಗದ ಹಾಗೆ ಹಿಂದೆ ಸರಿದು, ಮತ್ತೆ ಚಪ್ಪಲಿ ಮೆಟ್ಟಿದರಂತೆ.

‘ಯಾಕ್ ಡಾಕ್ಟ್ರಮ್ಮ, ಒಳಿಕ್ಕೆ ಬರಾಕಿಲ್ವಾ?’ ಎಂದು ಭಾಗ್ಯ ಕೇಳಿದ್ದಾಳೆ.

‘ಇವತ್ತು ನನ್ ಕೆಲ್ಸ ಏನೂ ಇಲ್ಲ ಕಣವ್ವ ಇಲ್ಲಿ’ ಅಂದರಂತೆ.

ಅವರು ಕಾರು ತಿರುಗಿಸಿಕೊಂಡು ಹೋದದ್ದು ನನಗೆ ಕೇಳಿಸಲಿಲ್ಲ. ನಾನು ಅವ್ವನ ಎದೆಯ ಮೇಲೆ ನಿದ್ದೆ ಹೋಗಿದ್ದೆ.